ಸಾಕೆಟ್ ಆಪ್ಷನ್ ಕೋಡ್ ರಿಫ್ಯಾಕ್ಟರ್ ಮಾಡಿದ ಮೇಲೆ ಕೇಸನ್ ವರದಿ ಬಂದರೆ: ಪತ್ತೆ ಮತ್ತು ಪರಿಹಾರ

ಲಿನಕ್ಸ್ 5.4 ಕರ್ನಲ್ ಮೇಲೆ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಪ್ರೋಟೋಕಾಲ್ ಮಾಡ್ಯೂಲನ್ನು 6 ಸರಣಿಯ ಕರ್ನಲ್‌ಗೆ ತಂದಾಗ ಮೊದಲು ಕೈಕೊಡುವುದು ಸಾಕೆಟ್ ಆಪ್ಷನ್ ಕೋಡ್. ಕಂಪೈಲರ್ ತೋರಿಸುವ ಎರರ್‌ಗಳು ಬೇಗ ಮುಗಿಯುತ್ತವೆ: ಪ್ರೋಗ್ರಾಂ ತನ್ನ ಸಾಕೆಟ್ಟಿನ (ನೆಟ್‌ವರ್ಕ್ ಸಂಪರ್ಕದ ತುದಿಯ) ಆಪ್ಷನ್ ಹೊಂದಿಸಲು ಕರೆಯುವ ಸೆಟ್‌ಸಾಕ್‌ಆಪ್ಟ್ ಫಂಕ್ಷನ್ನಿನ ನಾಲ್ಕನೆಯ ಆರ್ಗ್ಯುಮೆಂಟ್ ಯೂಸರ್ ಪಾಯಿಂಟರ್ (ಪ್ರೋಗ್ರಾಮಿನ ಮೆಮೊರಿಯ ವಿಳಾಸ) ಆಗಿದ್ದದ್ದು ಸಾಕ್‌ಪಿಟಿಆರ್_ಟಿ ಆಗಿದೆ, ಕಾಪಿ_ಫ್ರಮ್_ಯೂಸರ್ ಇದ್ದ ಕಡೆಯೆಲ್ಲ ಕಾಪಿ_ಫ್ರಮ್_ಸಾಕ್‌ಪಿಟಿಆರ್ ಹಾಕಿದರೆ ಬಿಲ್ಡ್ ಆಗುತ್ತದೆ. ಅಸಲಿ ತೊಂದರೆ ಬಿಲ್ಡ್ ಆದ ಮೇಲಿನದು: ಕೇಸನ್, ಅಂದರೆ ಕರ್ನಲ್ ತನಗೆ ಹಂಚದ ಮೆಮೊರಿ ಮುಟ್ಟಿದರೆ ಹಿಡಿದುಕೊಡುವ ಸಾಧನ, ದೋಷ ವರದಿ ಮಾಡತೊಡಗುತ್ತದೆ. ಪುಣೆಯಲ್ಲಿ ಹಿಂಜವಡಿ, ಖರಾಡಿ ಕಡೆ ಇಂಥ ಮಾಡ್ಯೂಲ್‌ಗಳನ್ನು ನೋಡಿಕೊಳ್ಳುವ ನಮ್ಮ ಕನ್ನಡದ ಹುಡುಗರು ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದರಿಂದ, ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ. ನಮ್ಮ ತಂಡದ ವಿಜಯಪುರದ ಹುಡುಗನ ಮಾತಿನಲ್ಲೇ ಕೇಳಿ:

“ಸರ್, ನನ್ನ ಲ್ಯಾಪ್‌ಟಾಪ್‌ನ್ಯಾಗ ಟೆಸ್ಟ್ ಎಲ್ಲಾ ಪಾಸ್ ಆಗ್ತಾವ್ರಿ. ಲ್ಯಾಬ್ ಮಷೀನ್‌ನ್ಯಾಗ ಅಷ್ಟ ಕೇಸನ್ ರಿಪೋರ್ಟ್ ಬರ್ತದ. ಎರಡೂ ಕಡೆ ಕರ್ನಲ್ ಒಂದ, ಕಾನ್ಫಿಗ್ ಒಂದ.”

“ಲ್ಯಾಬ್ ಮಷೀನ್‌ನ್ಯಾಗ ಕಂಟೈನರ್ ಏಜೆಂಟ್ ಏನರೆ ಓಡಾಕತ್ತದೇನು ನೋಡು. ಬಿಪಿಎಫ್‌ಟೂಲ್ ಹಾಕಿ ಸಿಗ್ರೂಪ್ ಟ್ರೀ ತಗಿ.”

ತೆಗೆದಾಗ ಒಂದು ಸಿಗ್ರೂಪ್‌ಗೆ (ಕರ್ನಲ್ ಒಟ್ಟಿಗೆ ನೋಡಿಕೊಳ್ಳುವ ಪ್ರೋಗ್ರಾಂಗಳ ಗುಂಪಿಗೆ) ಸೆಟ್‌ಸಾಕ್‌ಆಪ್ಟ್ ಹೆಸರಿನ ಒಂದು ಬಿಪಿಎಫ್ ಪ್ರೋಗ್ರಾಂ (ಕರ್ನಲ್‌ನೊಳಗೆ ಸೇರಿಸಿ ಓಡಿಸುವ ಚಿಕ್ಕ ಕೋಡ್) ಅಂಟಿಕೊಂಡಿರುವುದು ಕಂಡಿತು. ಲ್ಯಾಪ್‌ಟಾಪಿನಲ್ಲಿ ಅದು ಇರಲಿಲ್ಲ. ಹಾಗೆಂದು ಬಿಪಿಎಫ್ ಪ್ರೋಗ್ರಾಮಿನದೇ ತಪ್ಪು ಎಂದು ತೀರ್ಮಾನಿಸಬೇಡಿ. ತಪ್ಪು ನಮ್ಮ ಹ್ಯಾಂಡ್ಲರ್‌ನಲ್ಲಿ (ಸೆಟ್‌ಸಾಕ್‌ಆಪ್ಟ್ ಕರೆಯನ್ನು ನಿರ್ವಹಿಸುವ ಮಾಡ್ಯೂಲಿನ ಫಂಕ್ಷನ್ನಿನಲ್ಲಿ) ಮೊದಲಿನಿಂದಲೂ ಇತ್ತು, ಅದು ಬೆಳಕಿಗೆ ಬಂದದ್ದು ಆ ಮಷೀನ್‌ನಲ್ಲಿ ಮಾತ್ರ. ಅದು ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಇದು ತಿಳಿಯದಿದ್ದರೆ ಮುಂದಿನ ಯಾವ ಹೆಜ್ಜೆಯೂ ಅರ್ಥವಾಗುವುದಿಲ್ಲ.

ಹಿನ್ನೆಲೆ: ಪಾಯಿಂಟರ್ ಯಾರದು?

2020ಕ್ಕೆ ಮೊದಲು ಸೆಟ್‌ಸಾಕ್‌ಆಪ್ಟ್ ಹ್ಯಾಂಡ್ಲರ್‌ಗೆ ಬರುತ್ತಿದ್ದದ್ದು ಯೂಸರ್ ವಿಳಾಸ ಎಂದೇ ಎಲ್ಲರೂ ಬರೆಯುತ್ತಿದ್ದರು. ಕರ್ನಲ್ ಒಳಗಿನಿಂದ ಅದನ್ನೇ ಕರೆಯಬೇಕಾದಾಗ ಸೆಟ್_ಎಫ್‌ಎಸ್ ಮೂಲಕ ವಿಳಾಸದ ಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸುವ ರೂಢಿಯಿತ್ತು. ಭದ್ರತೆಯ ದೃಷ್ಟಿಯಿಂದ ಅದು ಅಪಾಯಕಾರಿ. ಅದನ್ನು ಬೇರುಸಹಿತ ತೆಗೆಯುವ ಕೆಲಸದ ಭಾಗವಾಗಿ ಕರ್ನಲ್ ಡೆವಲಪರ್ ಕ್ರಿಸ್ಟೋಫ್ ಹೆಲ್‌ವಿಗ್ 2020ರ ಜುಲೈನಲ್ಲಿ ಸಾಕ್‌ಪಿಟಿಆರ್_ಟಿ ತಂದರು, 5.9 ಕರ್ನಲ್‌ನಲ್ಲಿ ಅದು ಹೊರಬಂತು. ಅದರಲ್ಲಿರುವುದು ಒಂದು ಪಾಯಿಂಟರ್, ಜೊತೆಗೆ ಅದು ಕರ್ನಲ್‌ನದೋ ಯೂಸರ್‌ನದೋ ಎಂದು ಹೇಳುವ ಒಂದು ಬಿಟ್. ಯೂಸರ್‌ನದಾದರೆ ಕಾಪಿ_ಫ್ರಮ್_ಯೂಸರ್ ನಡೆಯುತ್ತದೆ, ಕರ್ನಲ್‌ನದಾದರೆ ನೇರ ಮೆಮ್‌ಕಾಪಿ.

ಈಗ 1 ಬೈಟ್ ಉದ್ದ ಹೇಳಿ ಕರೆದ ಪ್ರೋಗ್ರಾಂ ಇದೆ ಎಂದಿಟ್ಟುಕೊಳ್ಳಿ. ಹ್ಯಾಂಡ್ಲರ್ ಉದ್ದವನ್ನು ನೋಡದೆ 4 ಬೈಟ್ ಇಂಟ್ ಓದುತ್ತದೆ. ಪಾವು ಅಕ್ಕಿ ಕೊಡುತ್ತೇನೆ ಎಂದವನ ಚೀಲದಿಂದ ಕೇಳದೆ ಸೇರು ಅಳೆದುಕೊಂಡ ಹಾಗೆ. ಪಾಯಿಂಟರ್ ಯೂಸರ್‌ನದಾಗಿದ್ದಾಗ ಆ ಮೂರು ಹೆಚ್ಚುವರಿ ಬೈಟ್‌ಗಳು ಅವನದೇ ಸ್ಟ್ಯಾಕಿನವು. ಕರ್ನಲ್‌ಗೆ ಏನೂ ಆಗುವುದಿಲ್ಲ, ಹೀಗಾಗಿ ಯಾರೂ ಗಮನಿಸಲಿಲ್ಲ. ಅದೇ ಹ್ಯಾಂಡ್ಲರ್‌ಗೆ ಕರ್ನಲ್ ಬಫರ್ ಬಂದರೆ ಮೂರು ಬೈಟ್ ಪಕ್ಕದವರ ಮೆಮೊರಿಯಿಂದ ಬರುತ್ತದೆ.

ಕರ್ನಲ್ ಬಫರ್ ಬರುವುದು ಎಲ್ಲಿಂದ? 2019ರ 5.3 ಕರ್ನಲ್‌ನಿಂದ ಸಿಗ್ರೂಪ್‌ಗೆ ಬಿಪಿಎಫ್ ಪ್ರೋಗ್ರಾಂ ಅಂಟಿಸಿ ಸೆಟ್‌ಸಾಕ್‌ಆಪ್ಟ್ ಕರೆಗಳನ್ನು ಮಧ್ಯದಲ್ಲೇ ನೋಡಲು, ಬದಲಿಸಲು ಅವಕಾಶವಿದೆ. ಪ್ರೋಗ್ರಾಂ ಮೌಲ್ಯವನ್ನು ಮುಟ್ಟದೆ ಸುಮ್ಮನೆ ಒಪ್ಪಿಗೆ ಕೊಟ್ಟರೂ, ಹ್ಯಾಂಡ್ಲರ್‌ಗೆ ಸಿಗುವುದು ಯೂಸರ್ ಪಾಯಿಂಟರ್ ಅಲ್ಲ, ನಡುವೆ ಹಂಚಿದ ಕರ್ನಲ್ ಬಫರ್. ಪ್ರೋಗ್ರಾಂ ಉದ್ದವನ್ನು ಸೊನ್ನೆ ಮಾಡಿದರೆ ಮೂಲ ಯೂಸರ್ ಪಾಯಿಂಟರ್ ಹಾಗೇ ಮುಂದೆ ಹೋಗುತ್ತದೆ. ಮೊದಲೆಲ್ಲ ಈ ಬಫರ್ ಕನಿಷ್ಠ 16 ಬೈಟ್ ಇರುತ್ತಿತ್ತು, ಅದರಿಂದ 4 ಬೈಟ್ ಓದಿದರೂ ಗಡಿ ದಾಟುತ್ತಿರಲಿಲ್ಲ. 2021ರಲ್ಲಿ ವೇಗಕ್ಕಾಗಿ ಆ ಕೋಡ್ ಬದಲಾಯಿತು. ಚಿಕ್ಕ ಮೌಲ್ಯಗಳನ್ನು ಸ್ಟ್ಯಾಕಿನಲ್ಲೇ ಇಟ್ಟುಕೊಂಡು, ಮುಂದೆ ಕಳಿಸುವಾಗ ಹೇಳಿದಷ್ಟೇ ಉದ್ದಕ್ಕೆ ಕೆಮಲಾಕ್ (ಕರ್ನಲ್‌ನ ಮೆಮೊರಿ ಹಂಚಿಕೆ) ಮಾಡತೊಡಗಿತು. 1 ಬೈಟ್ ಎಂದರೆ ನಿಜವಾಗಿಯೂ 1 ಬೈಟ್.

ಆದ್ದರಿಂದಲೇ ಗಿಟ್ ಬೈಸೆಕ್ಟ್ (ದೋಷ ಯಾವ ಬದಲಾವಣೆಯಿಂದ ಕಾಣತೊಡಗಿತು ಎಂದು ಹುಡುಕುವುದು) ಮಾಡಿದರೆ ಅದು ಈ 2021ರ ಕಮಿಟ್ಟನ್ನೋ 2020ರ ಸಾಕ್‌ಪಿಟಿಆರ್ ಬದಲಾವಣೆಯನ್ನೋ ತೋರಿಸುತ್ತದೆ. ಎರಡೂ ನಿರಪರಾಧಿ. ಅವುಗಳನ್ನು ಹಿಂತೆಗೆದು ‘ಸರಿಯಾಯಿತು’ ಎನ್ನುವುದು ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟಂತೆ ಆಗುತ್ತದೆ, ದಯವಿಟ್ಟು ಮಾಡಬೇಡಿ.

ವರದಿಯನ್ನು ಓದುವ ಕ್ರಮ

ಕೇಸನ್ ವರದಿಯ ತಲೆಬರಹದಲ್ಲಿ ಸ್ಲ್ಯಾಬ್ ಔಟ್ ಆಫ್ ಬೌಂಡ್ಸ್ (ಹಂಚಿದ ಮೆಮೊರಿಯ ಗಡಿ ದಾಟಿದೆ) ಎಂದೂ, ಜೊತೆಗೆ ಒಂದು ಫಂಕ್ಷನ್ ಹೆಸರೂ ಇರುತ್ತದೆ. ನಕಲು ಮಾಡುವ ಕಾಪಿ_ಫ್ರಮ್_ಸಾಕ್‌ಪಿಟಿಆರ್_ಆಫ್‌ಸೆಟ್ ಸಾಮಾನ್ಯವಾಗಿ ಇನ್‌ಲೈನ್ ಆಗಿ ಕರೆದ ಫಂಕ್ಷನ್ನಿನೊಳಗೇ ಸೇರಿಹೋಗುವುದರಿಂದ, ಬರೀ ಹೆಸರು ನೋಡಿ ಯಾವ ಸಾಲು ಎಂದು ತಿಳಿಯುವುದಿಲ್ಲ. ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ ಡಿಕೋಡ್_ಸ್ಟ್ಯಾಕ್‌ಟ್ರೇಸ್ ಮೂಲಕ ಹಾಯಿಸಿ, ಅದಕ್ಕೆ ಡೀಬಗ್ ಮಾಹಿತಿ ಇರುವ ವಿಎಂಲಿನಕ್ಸ್ (ಬಿಲ್ಡ್ ಆದ ಕರ್ನಲ್‌ನ ಫೈಲ್) ಕೊಡಿ. ಆಗ ಕರೆದ ಹ್ಯಾಂಡ್ಲರ್‌ನ ಸಾಲು ಸಿಗುತ್ತದೆ.

ಆಮೇಲೆ ಮೂರು ಸಾಲುಗಳನ್ನು ಹುಡುಕಿ. ಒಂದು, ‘ರೀಡ್ ಆಫ್ ಸೈಜ್’ ಮುಂದಿನ ಸಂಖ್ಯೆ: ಹ್ಯಾಂಡ್ಲರ್ ಎಷ್ಟು ಓದಲು ಹೋಯಿತು ಎಂಬುದು. 4 ಇದ್ದರೆ ಇಂಟ್, ದೊಡ್ಡದಿದ್ದರೆ ಯಾವುದೋ ಸ್ಟ್ರಕ್ಟ್. ಎರಡು, ‘ಅಲೋಕೇಟೆಡ್ … ಬೈಟ್ ರೀಜನ್’: ನಿಜಕ್ಕೂ ಇದ್ದದ್ದು ಎಷ್ಟು ಎಂಬುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ, ‘ಅಲೋಕೇಟೆಡ್ ಬೈ ಟಾಸ್ಕ್’ ಕೆಳಗಿನ ಸ್ಟ್ಯಾಕ್. ಅಲ್ಲಿ ಸಿಗ್ರೂಪ್_ಬಿಪಿಎಫ್_ರನ್_ಫಿಲ್ಟರ್_ಸೆಟ್‌ಸಾಕ್‌ಆಪ್ಟ್ ಕಂಡರೆ ಮೇಲೆ ಹೇಳಿದ ಕಥೆ ನಿಮ್ಮದೇ. ಕಾಣದಿದ್ದರೆ ಬೇರೆ ಯಾರೋ ಕರ್ನಲ್ ಬಫರ್ ಕೊಡುತ್ತಿದ್ದಾರೆ, ಆ ಸ್ಟ್ಯಾಕ್ ಹಿಡಿದೇ ಹೋಗಿ.

ಇದು ಹೊರಗಿನ ಮಾಡ್ಯೂಲ್‌ಗಳಿಗಷ್ಟೇ ಬಂದ ಕಾಯಿಲೆಯಲ್ಲ. 2024ರ ಏಪ್ರಿಲ್‌ನಲ್ಲಿ ಸಿಜ್‌ಬಾಟ್ (ಕರ್ನಲ್ ದೋಷಗಳನ್ನು ತಾನಾಗಿ ಹುಡುಕುವ ಬಾಟ್) ವರದಿಗಳ ಬೆನ್ನುಹತ್ತಿ ಕರ್ನಲ್ ಡೆವಲಪರ್ ಎರಿಕ್ ಡುಮಾಜೆ ಫೈರ್‌ವಾಲ್ ಭಾಗವಾದ ನೆಟ್‌ಫಿಲ್ಟರ್ ಕೋಡ್ ಸರಿಪಡಿಸಿದರು. ಐಪಿಟೇಬಲ್ಸ್‌ನ ರಿಪ್ಲೇಸ್ ಹ್ಯಾಂಡ್ಲರ್ 1 ಬೈಟ್ ಹಂಚಿಕೆಯಿಂದ 96 ಬೈಟ್ ಓದುತ್ತಿತ್ತು. ಅದೇ ತಿಂಗಳು ಬ್ಲೂಟೂತ್‌ನ ಎಸ್‌ಸಿಒ, ಆರ್‌ಎಫ್‌ಕಾಮ್, ಎಲ್‌2ಕ್ಯಾಪ್ ಹ್ಯಾಂಡ್ಲರ್‌ಗಳಲ್ಲೂ ಇದೇ ದೋಷ ಸರಿಯಾಯಿತು. ಇಷ್ಟು ಜನ ನೋಡುವ ಕೋಡ್‌ನಲ್ಲಿ ವರ್ಷಾನುಗಟ್ಟಲೆ ಉಳಿದದ್ದು ನಮ್ಮ ಮಾಡ್ಯೂಲಿನಲ್ಲೂ ಇರಬಹುದು ಎಂದೇ ಹಿಡಿದು ಹೊರಡಬೇಕು.

ಆರ್ಮ್ ಬೋರ್ಡ್ ಬಳಸುವವರಿಗೆ ಒಂದು ಎಚ್ಚರಿಕೆ. ಜೆನೆರಿಕ್ ಕೇಸನ್ ಬೈಟ್ ಮಟ್ಟದಲ್ಲಿ ಗಡಿ ಕಾಯುತ್ತದೆ. ಟ್ಯಾಗ್ ಆಧಾರಿತ ಕೇಸನ್ ಕಾಯುವುದು 16 ಬೈಟ್ ತುಂಡುಗಳ ಲೆಕ್ಕದಲ್ಲಿ. 1 ಬೈಟ್ ಹಂಚಿ 4 ಬೈಟ್ ಓದಿದರೆ ಅದೇ ತುಂಡಿನೊಳಗೆ ಉಳಿಯುತ್ತದೆ, ವರದಿಯೇ ಬರುವುದಿಲ್ಲ. ಆರ್ಮ್ ಮೇಲೆ ಟ್ಯಾಗ್ ಕೇಸನ್ ಹಾಕಿ ‘ಕ್ಲೀನ್ ಇದೆ’ ಎಂದು ಬರೆದ ಟೆಸ್ಟ್ ರಿಪೋರ್ಟನ್ನು ಈ ದೋಷದ ಮಟ್ಟಿಗೆ ನಂಬಬೇಡಿ. ಕ್ಯೂಎಮುನಲ್ಲಿ (ಮಷೀನನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಸಾಧನದಲ್ಲಿ) ಜೆನೆರಿಕ್ ಕೇಸನ್ ಕರ್ನಲ್ ಬೂಟ್ ಮಾಡಿ ಇನ್ನೊಮ್ಮೆ ಓಡಿಸಿ.

ಕೇಸನ್ ಇಲ್ಲದೆ, ಬಿಪಿಎಫ್ ಇಲ್ಲದೆ ಹಿಡಿಯುವ ದಾರಿ

ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು, ಪ್ರೊಡಕ್ಷನ್ ಕರ್ನಲ್ ಮೇಲೂ ನಡೆಯುತ್ತದೆ. ಯೂಸರ್ ಪ್ರೋಗ್ರಾಮಿನಲ್ಲಿ ಎಂಮ್ಯಾಪ್ ಮಾಡಿ ಅಕ್ಕಪಕ್ಕದ ಎರಡು ಪುಟ ತೆಗೆದುಕೊಳ್ಳಿ. ಎರಡನೆಯ ಪುಟಕ್ಕೆ ಎಂಪ್ರೊಟೆಕ್ಟ್ ಕರೆದು ಪ್ರಾಟ್_ನನ್ ಹಾಕಿ, ಅಂದರೆ ಅದನ್ನು ಓದುವ ಹಾಗೇ ಇಲ್ಲ. ಮೌಲ್ಯವನ್ನು ಮೊದಲ ಪುಟದ ಕಟ್ಟಕಡೆಯ ಬೈಟ್‌ನಲ್ಲಿ ಇಟ್ಟು, ಆ ವಿಳಾಸವನ್ನೂ 1 ಎಂಬ ಉದ್ದವನ್ನೂ ಕೊಟ್ಟು ಸೆಟ್‌ಸಾಕ್‌ಆಪ್ಟ್ ಕರೆಯಿರಿ.

ಉದ್ದ ನೋಡುವ ಹ್ಯಾಂಡ್ಲರ್ ಆದರೆ ಇಇನ್ವಾಲ್ (ಕೊಟ್ಟ ಮೌಲ್ಯ ಸರಿಯಿಲ್ಲ), ಅಂದರೆ ಎರರ್ 22 ಬರುತ್ತದೆ. ನೋಡದೆ 4 ಬೈಟ್ ಓದಲು ಹೋದರೆ ಕೈ ಎರಡನೆಯ ಪುಟಕ್ಕೆ ತಾಗಿ ಇಫಾಲ್ಟ್ (ವಿಳಾಸ ಸರಿಯಿಲ್ಲ), ಅಂದರೆ ಎರರ್ 14 ಬರುತ್ತದೆ. 1 ಬೈಟ್ ಅನ್ನೇ ಒಪ್ಪುವ ಆಪ್ಷನ್ ಆಗಿದ್ದರೆ ಸೊನ್ನೆ. ಈ ಮೂರು ಉತ್ತರಗಳ ಆಚೆ ಯಾವ ಸಂಖ್ಯೆ ಬಂದರೂ ಮುಂದಿನ ಭಾಗ ಓದಿ.

ಪ್ರತಿ ಆಪ್ಷನ್‌ಗೂ ಉದ್ದವನ್ನು ಸೊನ್ನೆಯಿಂದ ಶುರುಮಾಡಿ ಸ್ಟ್ರಕ್ಟ್‌ನ ಅಳತೆಗಿಂತ ಸ್ವಲ್ಪ ಮೇಲಿನವರೆಗೆ ಒಂದೊಂದೇ ಏರಿಸುತ್ತ ಓಡಿಸಿ, ಬಂದ ಉತ್ತರವನ್ನು ಫೈಲಿಗೆ ಬರೆಯಿರಿ. ಇದನ್ನು ಹಳೆಯ ಕರ್ನಲ್ ಮೇಲೆ, ರಿಫ್ಯಾಕ್ಟರ್ ಶುರುಮಾಡುವ ಮೊದಲೇ ಮಾಡಿಟ್ಟುಕೊಂಡರೆ ಅದಕ್ಕಿಂತ ಬೆಲೆಬಾಳುವ ದಾಖಲೆ ಇನ್ನೊಂದಿಲ್ಲ. ಆ ಫೈಲ್ ಏಕೆ ಬೇಕಾಗುತ್ತದೆ ಎಂಬುದು ಇಇನ್ವಾಲ್ ಬಗ್ಗೆ ಹೇಳುವಾಗ ಬರುತ್ತದೆ.

ಸೆಟ್‌ಸಾಕ್‌ಆಪ್ಟ್ ಧನ ಸಂಖ್ಯೆ ಕೊಟ್ಟರೆ

ಎಸ್‌ಟ್ರೇಸ್‌ನಲ್ಲಿ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸಾಧನದಲ್ಲಿ) ಸೆಟ್‌ಸಾಕ್‌ಆಪ್ಟ್ ಮುಂದೆ 3 ಅಥವಾ 4 ಎಂದು ಕಾಣುತ್ತದೆ. ಪ್ರೋಗ್ರಾಂ ವೈಫಲ್ಯ ಎಂದು ಪಿಎರರ್ ಕರೆದರೆ ‘ಸಕ್ಸೆಸ್’ ಎಂದು ಮುದ್ರಿಸಬಹುದು. ಇದನ್ನು ನೋಡಿದವರು ಮೊದಲು ತಮ್ಮ ಕಣ್ಣನ್ನೇ ಅನುಮಾನಿಸುತ್ತಾರೆ.

ಕಾರಣ ನೇರವಾಗಿದೆ. ಕಾಪಿ_ಫ್ರಮ್_ಯೂಸರ್ ಎರರ್ ಸಂಖ್ಯೆ ಕೊಡುವುದಿಲ್ಲ, ನಕಲಾಗದೆ ಉಳಿದ ಬೈಟ್‌ಗಳ ಸಂಖ್ಯೆ ಕೊಡುತ್ತದೆ. ಕಾಪಿ_ಫ್ರಮ್_ಸಾಕ್‌ಪಿಟಿಆರ್ ಕೂಡ ಅದನ್ನೇ ಮುಂದೆ ದಾಟಿಸುತ್ತದೆ. ಯಾರಾದರೂ ಅದನ್ನು ‘ಎರರ್’ ಎಂಬ ವೇರಿಯಬಲ್‌ಗೆ ಹಾಕಿ ಹಾಗೆಯೇ ಹಿಂದಿರುಗಿಸಿದರೆ ಆ ಸಂಖ್ಯೆ ಯೂಸರ್‌ವರೆಗೂ ಹೋಗುತ್ತದೆ. ಸಿ ಲೈಬ್ರರಿ ಋಣ ಸಂಖ್ಯೆಯನ್ನು ಮಾತ್ರ ಎರರ್ ಎಂದು ಹಿಡಿದು ಎರ್‌ನೋಗೆ ಹಾಕುತ್ತದೆ, ಧನ ಸಂಖ್ಯೆಯನ್ನು ಹಾಗೇ ಬಿಡುತ್ತದೆ. ‘ಸೊನ್ನೆಗಿಂತ ಕಡಿಮೆಯೇ?’ ಎಂದು ನೋಡುವ ಪ್ರೋಗ್ರಾಂ ಆಪ್ಷನ್ ಹೊಂದಿಕೆಯಾಗಿದೆ ಎಂದು ತಿಳಿದು ಮುಂದೆ ಹೋಗುತ್ತದೆ. ಆಗಿರುವುದಿಲ್ಲ. ಮುಂದೆ ಎಲ್ಲೋ ಟೈಮ್‌ಔಟ್ ಬರದೆ ಕಾಯುತ್ತ ಕೂತ ಥ್ರೆಡ್ ಕಂಡಾಗ ಈ ಸಾಲು ಯಾರಿಗೆ ನೆನಪಾಗಬೇಕು?

ಇಲ್ಲಿ ಒಂದು ಸೂಕ್ಷ್ಮವಿದೆ. ಉದ್ದ ಪರೀಕ್ಷಿಸಿ ನಕಲು ಮಾಡುವ ಕಾಪಿ_ಸೇಫ್_ಫ್ರಮ್_ಸಾಕ್‌ಪಿಟಿಆರ್ ಎಂಬ ಹೆಲ್ಪರ್ 2024ರ ಏಪ್ರಿಲ್‌ನಲ್ಲಿ ಬಂತು. ಉದ್ದ ಸಾಲದಿದ್ದರೆ ಇಇನ್ವಾಲ್, ನಕಲು ಸೋತರೆ ಇಫಾಲ್ಟ್ ಎಂದು ಅದರ ವಿವರಣೆಯಲ್ಲಿತ್ತು. ಆದರೆ ಮೊದಲ ರೂಪದಲ್ಲಿ ನಕಲು ಸೋತಾಗ ಅದೂ ಉಳಿದ ಬೈಟ್‌ಗಳ ಸಂಖ್ಯೆಯನ್ನೇ ಕೊಡುತ್ತಿತ್ತು. ಬ್ಲೂಟೂತ್ ಕೋಡ್ ತನಗೆಂದು ಬರೆದುಕೊಂಡ ಹೆಲ್ಪರ್‌ನಲ್ಲೂ ಇದೇ ಗೊಂದಲವಿತ್ತು. ಎರಡೂ 2024ರ ಕೊನೆಯ ಹೊತ್ತಿಗೆ ಸರಿಯಾದವು. ಹಾಗಾಗಿ ನಿಮ್ಮ ಬಳಿಯ ಕರ್ನಲ್‌ನ ಸಾಕ್‌ಪಿಟಿಆರ್ ಹೆಡರ್ ಫೈಲ್ ತೆರೆದು ಆ ಹೆಲ್ಪರ್‌ನ ಕೊನೆಯ ಸಾಲುಗಳನ್ನು ಕಣ್ಣಾರೆ ಓದಿ. ವರ್ಶನ್ ಸಂಖ್ಯೆ ನೋಡಿ ಊಹಿಸಬೇಡಿ, ಏಕೆಂದರೆ ಸ್ಟೇಬಲ್ ಕರ್ನಲ್‌ಗಳಿಗೂ ವಿತರಕರ ಕರ್ನಲ್‌ಗಳಿಗೂ ಪ್ಯಾಚ್‌ಗಳು ಬೇರೆ ಬೇರೆ ಹೊತ್ತಿಗೆ ಸೇರುತ್ತವೆ. ಹೆಲ್ಪರ್ ಇಲ್ಲದ ಕರ್ನಲ್ ಆದರೆ ನಿಮ್ಮ ಮಾಡ್ಯೂಲಿನಲ್ಲೇ ಚಿಕ್ಕದೊಂದು ಫಂಕ್ಷನ್ ಬರೆದುಕೊಳ್ಳಿ. ಉದ್ದ ಕಡಿಮೆಯಾದರೆ ಋಣ ಇಇನ್ವಾಲ್, ನಕಲು ಸೊನ್ನೆ ಕೊಡದಿದ್ದರೆ ಋಣ ಇಫಾಲ್ಟ್, ಇಲ್ಲವಾದರೆ ಸೊನ್ನೆ.

ಸರಿಪಡಿಸಿದ ಮೇಲೆ ಹಳೆಯ ಪ್ರೋಗ್ರಾಂಗೆ ಇಇನ್ವಾಲ್ ಬಂದರೆ

ಈ ಭಾಗವನ್ನು ನಿಧಾನವಾಗಿ ಓದಿ, ರಿಫ್ಯಾಕ್ಟರ್ ಮಾಡುವವರು ಹೆಚ್ಚು ಎಡವುವುದು ಇಲ್ಲೇ. ದೋಷ ಅರ್ಥವಾದ ಉತ್ಸಾಹದಲ್ಲಿ ಸ್ವಿಚ್‌ನ ಮೇಲ್ಗಡೆ ಒಂದೇ ಸಾಲು ಹಾಕಿಬಿಡುತ್ತೇವೆ: ಉದ್ದ ಇಂಟ್‌ಗಿಂತ ಕಡಿಮೆಯಿದ್ದರೆ ಇಇನ್ವಾಲ್. ಕೋಡ್ ಚೊಕ್ಕವಾಗುತ್ತದೆ, ರಿವ್ಯೂನಲ್ಲಿ ಎಲ್ಲರೂ ತಲೆದೂಗುತ್ತಾರೆ. ವಾರದೊಳಗೆ ಯಾರದೋ ಮಲ್ಟಿಕಾಸ್ಟ್ ಪ್ರೋಗ್ರಾಂ ನಿಂತುಹೋಗುತ್ತದೆ.

ಏಕೆಂದರೆ ಉದ್ದ ಎಂಬುದು ಪ್ರತಿ ಆಪ್ಷನ್ನಿನ ಬೇರೆ ಬೇರೆ ಒಪ್ಪಂದ. ಐಪಿ ಮಟ್ಟದ ಐಪಿ_ಟಾಸ್, ಐಪಿ_ಮಲ್ಟಿಕಾಸ್ಟ್_ಟಿಟಿಎಲ್ ನೋಡಿ: 4 ಬೈಟ್ ಇಂಟ್ ಕೊಟ್ಟರೂ ಸರಿ, 1 ಬೈಟ್ ಕ್ಯಾರೆಕ್ಟರ್ ಕೊಟ್ಟರೂ ಸರಿ. ಬಿಎಸ್‌ಡಿ ಕಾಲದಿಂದ 1 ಬೈಟ್ ಕೊಡುವ ಪ್ರೋಗ್ರಾಂಗಳಿವೆ, ಅವನ್ನು ಮುರಿಯುವಂತಿಲ್ಲ. ಕರ್ನಲ್ ಅಲ್ಲಿ ಉದ್ದ ನೋಡಿ ಎರಡು ದಾರಿ ಹಿಡಿಯುತ್ತದೆ. ಎಸ್ಒ_ಬೈಂಡ್‌ಟುಡಿವೈಸ್ ತೆಗೆದುಕೊಳ್ಳುವುದು ‘ಲೋ’ ಅಥವಾ ‘ಇಟಿಎಚ್0’ ತರಹದ ಹೆಸರನ್ನು. ಹೆಸರು ಮೂರೇ ಬೈಟ್ ಇರಬಹುದು. ಅದಕ್ಕಾಗಿಯೇ ಸಾಮಾನ್ಯ ಸಾಕೆಟ್ ಹ್ಯಾಂಡ್ಲರ್‌ನಲ್ಲಿ ಇಂಟ್ ಪರೀಕ್ಷೆಗೂ ಮೊದಲೇ ಅದನ್ನು ಬೇರೆ ದಾರಿಗೆ ಕಳಿಸಲಾಗಿದೆ. ಟಿಸಿಪಿ_ಕಂಜೆಶನ್ ಕೂಡ ಹೆಸರೇ. ಐಪಿ_ಆ್ಯಡ್_ಮೆಂಬರ್‌ಶಿಪ್ ಚಿಕ್ಕ ಸ್ಟ್ರಕ್ಟನ್ನೂ ಒಪ್ಪುತ್ತದೆ, ಇಂಟರ್‌ಫೇಸ್ ಸಂಖ್ಯೆ ಸೇರಿದ ದೊಡ್ಡದನ್ನೂ ಒಪ್ಪುತ್ತದೆ.

ಮುಂದೆ ಬೆಳೆಯಬಹುದಾದ ಸ್ಟ್ರಕ್ಟ್ ನಿಮ್ಮದಾಗಿದ್ದರೆ ಕಾಪಿ_ಸ್ಟ್ರಕ್ಟ್_ಫ್ರಮ್_ಸಾಕ್‌ಪಿಟಿಆರ್ ನೋಡಿ. ಚಿಕ್ಕದು ಬಂದರೆ ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ, ದೊಡ್ಡದು ಬಂದು ಹೆಚ್ಚುವರಿ ಭಾಗ ಸೊನ್ನೆಯಲ್ಲದಿದ್ದರೆ ಇ2ಬಿಗ್ ಕೊಡುತ್ತದೆ. ಆದರೆ ಕನಿಷ್ಠ ಎಷ್ಟು ಬೇಕು ಎಂಬ ಗಡಿಯನ್ನು ನೀವೇ ಇಡಬೇಕು.

ಹಾಗಾಗಿ ಉದ್ದದ ಪರೀಕ್ಷೆ ಪ್ರತಿ ಕೇಸ್‌ನೊಳಗೇ ಇರಲಿ, ಎಲ್ಲಕ್ಕೂ ಒಂದೇ ನಿಯಮ ಬೇಡ. ಸ್ವಿಚ್ ಉದ್ದವಾಗುತ್ತದೆ, ಆಗಲಿ. ಮೊದಲೇ ಬರೆದಿಟ್ಟ ಉತ್ತರಗಳ ಫೈಲನ್ನು ಹೊಸ ಕರ್ನಲ್‌ನ ಉತ್ತರಗಳ ಜೊತೆ ಡಿಫ್ ಮಾಡಿ. ಇಫಾಲ್ಟ್ ಹೋಗಿ ಇಇನ್ವಾಲ್ ಬಂದ ಸಾಲು ಬೇಕಾದ ಬದಲಾವಣೆ. ಸೊನ್ನೆ ಹೋಗಿ ಇಇನ್ವಾಲ್ ಬಂದ ಸಾಲು ಸಿಕ್ಕರೆ ಅಲ್ಲೇ ನಿಲ್ಲಿ: ಯಾವ ಪ್ರೋಗ್ರಾಂ ಅಷ್ಟು ಉದ್ದ ಕೊಡುತ್ತಿದೆ ಎಂದು ಎಸ್‌ಟ್ರೇಸ್ ಹಾಕಿ ನೋಡದೆ ಆ ಪ್ಯಾಚ್ ಕಳಿಸಬಾರದು. ಈ ಡಿಫ್ ಇಲ್ಲದ ಪ್ಯಾಚನ್ನು ನಾನು ರಿವ್ಯೂಗೆ ತೆಗೆದುಕೊಳ್ಳುವುದಿಲ್ಲ, ಹುಡುಗರಿಗೂ ಅದನ್ನೇ ಹೇಳಿದ್ದೇನೆ. ಸ್ಥಿರವಾದ ಯೂಸರ್ ಇಂಟರ್‌ಫೇಸ್ ಕೊಡುತ್ತೇವೆ ಎಂಬ ಮಾತಿನ ಮೇಲೆ ನಂಬಿಕೆಯಿಟ್ಟು ಯಾರೋ ಪ್ರೋಗ್ರಾಂ ಬರೆದಿರುತ್ತಾರೆ.

32 ಬಿಟ್ ಪ್ರೋಗ್ರಾಂ ಮಾತ್ರ ಸೋತರೆ

ಹಳೆಯ ಕೋಡ್‌ನಲ್ಲಿ ಕಂಪ್ಯಾಟ್_ಸೆಟ್‌ಸಾಕ್‌ಆಪ್ಟ್ ಎಂಬ ಪ್ರತ್ಯೇಕ ಬಾಗಿಲಿತ್ತು. 5.9ರಲ್ಲಿ ಅದೂ ಹೋಯಿತು. ಈಗ 32 ಬಿಟ್ ಕರೆಯೂ ಅದೇ ಹ್ಯಾಂಡ್ಲರ್‌ಗೆ ಬರುತ್ತದೆ. ಒಳಗೆ ಇನ್_ಕಂಪ್ಯಾಟ್_ಸಿಸ್ಕಾಲ್ ಕೇಳಿ ಸ್ಟ್ರಕ್ಟ್‌ನ ರೂಪ ನೀವೇ ನಿರ್ಧರಿಸಬೇಕು. ಪಾಯಿಂಟರ್ ಅಥವಾ ಲಾಂಗ್ ಇರುವ ಸ್ಟ್ರಕ್ಟ್‌ಗಳಿಗೆ ಮಾತ್ರ ಈ ತೊಂದರೆ. ಸಾಕೆಟ್ ಫಿಲ್ಟರ್ ಅಂಟಿಸುವ ಸಾಕ್_ಎಫ್‌ಪ್ರೋಗ್ 32 ಬಿಟ್‌ನಲ್ಲಿ 8 ಬೈಟ್, 64 ಬಿಟ್‌ನಲ್ಲಿ 16 ಬೈಟ್. ಉದ್ದದ ಪರೀಕ್ಷೆ ಸೇರಿಸಿದ ದಿನವೇ 32 ಬಿಟ್ ಪ್ರೋಗ್ರಾಂಗಳಿಗೆ ಇಇನ್ವಾಲ್ ಶುರುವಾದರೆ ಇಲ್ಲಿಗೆ ಬನ್ನಿ.

ಟೈಮ್‌ಔಟ್ ವಿಷಯ ಬೇರೆ. 2038ರ ಸಮಸ್ಯೆಗಾಗಿ (32 ಬಿಟ್ ಸಮಯದ ಎಣಿಕೆ ಆ ವರ್ಷ ತುಂಬಿಹೋಗುತ್ತದೆ) 2019ರ 5.1 ಕರ್ನಲ್‌ನಲ್ಲಿ ಎಸ್ಒ_ಆರ್‌ಸಿವಿಟೈಮಿಯೋ ಎರಡಾಯಿತು. ಎಕ್ಸ್86ನಲ್ಲಿ ಹಳೆಯದರ ಸಂಖ್ಯೆ 20, ಹೊಸದು 66. ಹಳೆಯ ಕರ್ನಲ್ ಮೇಲೆ 66 ಕೊಟ್ಟರೆ ಇನೋಪ್ರೋಟೋಆಪ್ಟ್ (ಅಂಥ ಆಪ್ಷನ್ ಇಲ್ಲ ಎಂಬ ಎರರ್) ಬರುವುದು ಸಹಜ, ಅದು ನಿಮ್ಮ ರಿಫ್ಯಾಕ್ಟರ್‌ನಿಂದ ಬಂದದ್ದಲ್ಲ.

ಗೆಟ್‌ಸಾಕ್‌ಆಪ್ಟ್ ಕಡೆ

ಇಲ್ಲಿ ಉದ್ದವೂ ಯೂಸರ್ ಮೆಮೊರಿಯಲ್ಲೇ ಇರುತ್ತದೆ, ಹ್ಯಾಂಡ್ಲರ್ ಅದನ್ನು ಓದಿ ತಾನೇ ಪರೀಕ್ಷಿಸಬೇಕು. ಋಣ ಉದ್ದದ ಪರೀಕ್ಷೆ ಮಿನ್_ಟಿಗೆ (ಎರಡರಲ್ಲಿ ಚಿಕ್ಕ ಸಂಖ್ಯೆ ಆರಿಸುವುದಕ್ಕೆ) ಮೊದಲೇ ಬರಬೇಕು. ಅನ್‌ಸೈನ್ಡ್ ಆಗಿ ಮಿನ್ ತೆಗೆದ ಮೇಲೆ ಮೈನಸ್ 1 ಎಂಬುದು ದೈತ್ಯ ಸಂಖ್ಯೆಯಾಗಿ, ಕೊನೆಗೆ 4 ಆಗಿ ಕುಳಿತಿರುತ್ತದೆ. ಆಮೇಲೆ ‘ಸೊನ್ನೆಗಿಂತ ಕಡಿಮೆಯೇ’ ಎಂದು ಕೇಳಿದರೆ ಉತ್ತರ ಯಾವಾಗಲೂ ಇಲ್ಲ. ಟಿಸಿಪಿ, ಯುಡಿಪಿ ಕೋಡ್‌ಗಳಲ್ಲೇ ಈ ಕ್ರಮ ತಿರುಗಾಮುರುಗಾ ಇದ್ದದ್ದು 2024ರಲ್ಲಿ ಸರಿಯಾಯಿತು. ಇನ್ನು, ಎಸ್ಒ_ಆರ್‌ಸಿವಿಬಫ್‌ಗೆ ಕೊಟ್ಟ ಸಂಖ್ಯೆ ಗೆಟ್‌ನಲ್ಲಿ ದುಪ್ಪಟ್ಟಾಗಿ ಬಂದರೆ ಗಾಬರಿ ಬೇಡ, ಲಿನಕ್ಸ್ ಅದನ್ನು ಬೇಕೆಂದೇ ದುಪ್ಪಟ್ಟು ಮಾಡಿಟ್ಟುಕೊಳ್ಳುತ್ತದೆ.

ಉಳಿದ ಕೆಲವು

ದೊಡ್ಡ ಫೈರ್‌ವಾಲ್ ಪಟ್ಟಿ ಲೋಡ್ ಮಾಡುವಾಗ, ಬಿಪಿಎಫ್ ಅಂಟಿದ ಸಿಗ್ರೂಪ್‌ನೊಳಗೆ ಮಾತ್ರ ಇಫಾಲ್ಟ್ ಬಂದರೆ ಹ್ಯಾಂಡ್ಲರ್ ಮುಟ್ಟಬೇಡಿ. ಒಂದು ಪುಟಕ್ಕಿಂತ ದೊಡ್ಡ ಮೌಲ್ಯದಲ್ಲಿ ಬಿಪಿಎಫ್ ಪ್ರೋಗ್ರಾಮಿಗೆ ಮೊದಲ ಪುಟವಷ್ಟೇ ಕಾಣುತ್ತದೆ, ಮತ್ತು ಅದು ಉದ್ದವನ್ನು ಸೊನ್ನೆ ಮಾಡಿ ‘ಮೂಲವನ್ನೇ ಬಳಸು’ ಎಂದು ಹೇಳಬೇಕು. 2023ಕ್ಕೆ ಮೊದಲಿನ ಕರ್ನಲ್‌ಗಳಲ್ಲಿ ಹೇಳದಿದ್ದರೆ ಇಫಾಲ್ಟ್ ಬರುತ್ತಿತ್ತು, ಆಮೇಲೆ ಬಂದ ಬದಲಾವಣೆಯಿಂದ ಕರ್ನಲ್ ಪ್ರೋಗ್ರಾಮಿನ ಬಫರ್ ಬಿಟ್ಟು ಮೂಲವನ್ನೇ ಬಳಸುತ್ತದೆ. ಇದು ಬಿಪಿಎಫ್ ಪ್ರೋಗ್ರಾಂ ಬರೆದವರು ಸರಿಪಡಿಸಬೇಕಾದದ್ದು.

ಕರ್ನಲ್‌ನೊಳಗಿನ ಸಾಕೆಟ್, ಐಪಿ, ಟಿಸಿಪಿ ಹ್ಯಾಂಡ್ಲರ್‌ಗಳನ್ನೇ ತಿದ್ದುತ್ತಿದ್ದು ಲಾಕ್‌ನಲ್ಲಿ ಸಿಕ್ಕಿಬಿದ್ದರೆ, ಲಾಕ್_ಸಾಕ್ ಬದಲು ಸಾಕ್‌ಆಪ್ಟ್_ಲಾಕ್_ಸಾಕ್ ಇದೆಯೇ ನೋಡಿ. 2022ರಿಂದ ಬಿಪಿಎಫ್_ಸೆಟ್‌ಸಾಕ್‌ಆಪ್ಟ್ ಕೂಡ ಇದೇ ಕೋಡ್ ಮೂಲಕ ಹಾಯುತ್ತದೆ, ಆಗ ಲಾಕ್ ಮೊದಲೇ ಹಿಡಿದಿರುತ್ತದೆ.

ದೋಷ ಇನ್ನೂ ಸಿಗದೆ ಸಹಾಯ ಕೇಳುವುದಾದರೆ, ಡಿಕೋಡ್ ಆದ ಕೇಸನ್ ವರದಿ, ಎಸ್‌ಟ್ರೇಸ್‌ನ ಆ ಒಂದು ಸಾಲು, ಬಿಪಿಎಫ್‌ಟೂಲ್ ಸಿಗ್ರೂಪ್ ಟ್ರೀ, ಟೆಸ್ಟ್ ಓಡಿದ್ದು ಯಾವ ಸಿಗ್ರೂಪ್‌ನಲ್ಲಿ ಎಂಬ ಮಾಹಿತಿ ಮತ್ತು ಉತ್ತರಗಳ ಡಿಫ್ ಇವಿಷ್ಟನ್ನೂ ಒಟ್ಟಿಗೆ ಕಳಿಸಿ. ಸಿಗ್ರೂಪ್ ಹೆಸರನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಎಸ್‌ಎಸ್‌ಎಚ್ ಮೂಲಕ ಓಡಿಸಿದಾಗ ಬರದ ದೋಷ ಕಂಟೈನರ್‌ನೊಳಗೆ ಓಡಿಸಿದಾಗ ಬರುವುದು ಆ ಕಾರಣಕ್ಕೇ.